ವಿರಾಟನಗರದ ಉದ್ಯೋಗಗಳು

ಸ್ಮರಣ ಸಂಚಿಕೆಗೆ ಲೇಖನವೊಂದು ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗಲೆಲ್ಲ ಛಂದಸ್ಸನ್ನೋ ಹಳಗನ್ನಡ ಕಾವ್ಯದ ಒಂದು ಸಂದರ್ಭವನ್ನೋ ಆಯ್ದುಕೊಳ್ಳುವುದು ನನ್ನ ವಾಡಿಕೆ. ಈ ಸಲ ಹೋಟೆಲಿನ ಉದ್ಯೋಗವನ್ನು ಕುರಿತು ಬರೆಯುವೆನೆಂದಾಗ ಅವರು ನಕ್ಕರು. ವ್ಯಾಕರಣ ಹೇಳುವ ಪಂಡಿತನಿಗೂ ಪಂಚತಾರಾ ಹೋಟೆಲಿಗೂ ಎಲ್ಲಿಯ ನಂಟು ಎಂಬುದು ಆ ನಗೆಯ ತಾತ್ಪರ್ಯ. ಆದರೆ ಈಚಿನ ವರ್ಷಗಳಲ್ಲಿ ನಡತೆಯ ಪ್ರಮಾಣಪತ್ರಕ್ಕಾಗಿ ನಮ್ಮಲ್ಲಿಗೆ ಬರುವ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈ ದಾರಿಯನ್ನೇ ಹಿಡಿದಿದ್ದಾರೆ. ಅವರ ಹೆತ್ತವರು, “ಹೋಟೆಲ್ ಕೆಲಸಕ್ಕೂ ಓದಬೇಕೇನ್ರಿ ಗುರುಗಳೇ? ಅದೂ ಒಂದು ವಿದ್ಯೆಯೇ?” ಎಂದು ನನ್ನನ್ನೇ ಕೇಳುತ್ತಾರೆ. ಪಾಠ ಹೇಳಿದವನು ಈ ಪ್ರಶ್ನೆಗೆ ಉತ್ತರಿಸದೆ ಜಾರಿಕೊಳ್ಳುವುದು ಉಚಿತವಲ್ಲ.

ಮೊದಲು ಶಬ್ದವಿಚಾರ. ತಿಥಿಯ ಕಟ್ಟಳೆಯಿಲ್ಲದೆ ಮನೆಗೆ ಬರುವವನು ಅತಿಥಿ ಎಂದು ನಮ್ಮ ಹಿರಿಯರು ನಿರ್ವಚನ ಹೇಳುತ್ತಾರೆ. ಹೋಟೆಲ್ ಎಂಬುದು ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಶಬ್ದ. ಅದರ ಬೇರು ಲ್ಯಾಟಿನ್ನಿನ ‘ಹಾಸ್ಪೆಸ್’. ಆ ಭಾಷೆಯಲ್ಲಿ ಅತಿಥಿ, ಆತಿಥೇಯ ಎಂಬೆರಡು ಅರ್ಥಗಳೂ ಅದೊಂದೇ ಶಬ್ದಕ್ಕುಂಟು. ನಾವು ಆಡುವ ಆಸ್ಪತ್ರೆ, ಹಾಸ್ಟೆಲ್ ಎಂಬ ಮಾತುಗಳೂ ಇದೇ ಬೇರಿನಿಂದ ಒಡೆದ ಕೊಂಬೆಗಳು. ಬಳಲಿದವನಿಗೆ ನೆರಳು, ರೋಗಿಗೆ ಆರೈಕೆ, ಓದುವವನಿಗೆ ಅನ್ನ ಎಂಬ ಮೂರು ಕಾರ್ಯಗಳೂ ಒಂದೇ ಮೂಲದವೆಂಬುದನ್ನು ಭಾಷೆ ಮರೆತಿಲ್ಲ.

ನಮ್ಮ ಊರೂ ಮರೆತಿಲ್ಲ. ವಿದ್ವತ್ ಪರೀಕ್ಷೆಗೆ ಓದುತ್ತಿದ್ದ ದಿನಗಳಲ್ಲಿ ದಾವಣಗೆರೆಯ ಒಂದು ಖಾನಾವಳಿಯಲ್ಲಿ ತಿಂಗಳ ಲೆಕ್ಕದ ಮೇಲೆ ಉಣ್ಣುತ್ತಿದ್ದೆ. ಯಾರಿಗೆ ಎಷ್ಟು ರೊಟ್ಟಿ ಬೇಕು, ಯಾರಿಗೆ ಖಾರ ಆಗದು, ಯಾವ ಹುಡುಗನ ಮನೆಯಿಂದ ಈ ತಿಂಗಳ ಹಣ ಇನ್ನೂ ಬಂದಿಲ್ಲ ಎಂಬುದೆಲ್ಲ ಅಲ್ಲಿಯ ಅವ್ವನಿಗೆ ಬಾಯಿಪಾಠ. “ಪಂಡಿತ್ರೇ, ಇನ್ನೊಂದು ಬಿಸಿ ರೊಟ್ಟಿ ಹಾಕಿಸ್ಕೊಳ್ರಿ, ಲೆಕ್ಕ ಆಮೇಲೆ ನೋಡೋಣು” ಎನ್ನುತ್ತಿದ್ದಳು. ದೊಡ್ಡ ಹೋಟೆಲುಗಳು ಇಂದು ಅತಿಥಿಯ ಇಷ್ಟಾನಿಷ್ಟಗಳನ್ನು ಗಣಕಯಂತ್ರದಲ್ಲಿ ಬರೆದಿಟ್ಟುಕೊಳ್ಳುತ್ತವೆಯೆಂದು ಕೇಳಿದಾಗಲೆಲ್ಲ ಆ ತಾಯಿಯ ಮುಖವೇ ನನ್ನ ಕಣ್ಣಮುಂದೆ ಬರುತ್ತದೆ.

ದಾವಣಗೆರೆಯ ಹೆಸರನ್ನು ಇಂದು ನಾಡಿನಾಚೆಗೂ ಒಯ್ದಿರುವುದು ಬೆಣ್ಣೆದೋಸೆ. 1928ರ ಸುಮಾರಿಗೆ ಬೆಳಗಾವಿ ಸೀಮೆಯಿಂದ ಮಕ್ಕಳೊಡನೆ ಬಂದ ಚೆನ್ನಮ್ಮ ಎಂಬ ತಾಯಿ ಇಲ್ಲಿಯ ನಾಟಕದ ಥಿಯೇಟರಿನ ಬಳಿ ರಾಗಿಯ ದೋಸೆ ಮಾಡಿ ಬೆಣ್ಣೆ ಹಚ್ಚಿ ಮಾರತೊಡಗಿದಳೆಂದೂ, ಆಕೆಯ ಮಕ್ಕಳ ಕಾಲದಲ್ಲಿ ಅದು ಅಕ್ಕಿ, ಉದ್ದು, ಮಂಡಕ್ಕಿಗಳ ಹಿಟ್ಟಿನ ದೋಸೆಯಾಯಿತೆಂದೂ ಊರವರು ಹೇಳುತ್ತಾರೆ. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಒಂದು ಕಾಲಕ್ಕೆ ಕರೆಸಿಕೊಂಡ ಈ ಊರಿನ ಹತ್ತಿಗಿರಣಿಗಳು ಮುಚ್ಚಿದವು. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಈಗಿಲ್ಲ. ತಾಯಿಯೊಬ್ಬಳು ಹೊಟ್ಟೆಪಾಡಿಗೆಂದು ಹೊತ್ತಿಸಿದ ಒಲೆಯಿಂದ ಮಾತ್ರ ಇಂದಿಗೂ ಎಷ್ಟೋ ಸಂಸಾರಗಳು ಬದುಕುತ್ತಿವೆ. ಗಿರಣಿ, ಕಾರ್ಖಾನೆಗಳಲ್ಲಿ ದುಡಿದವರ ಮೊಮ್ಮಕ್ಕಳು ಹೋಟೆಲಿನ ಕಡೆಗೆ ಮುಖ ಮಾಡಿದ್ದಾರೆಂದರೆ ಅದರಲ್ಲಿ ಆಶ್ಚರ್ಯವೂ ಇಲ್ಲ, ಅವಮಾನವೂ ಇಲ್ಲ.

ಈ ಉದ್ಯೋಗದ ವಿಭಾಗಗಳನ್ನು ಹೆತ್ತವರಿಗೆ ತಿಳಿಸಬೇಕಾದಾಗ ನಾನು ವಿರಾಟಪರ್ವವನ್ನು ತೆರೆಯುತ್ತೇನೆ. ಅಜ್ಞಾತವಾಸದ ಒಂದು ವರ್ಷ ಪಾಂಡವರು ಮತ್ಸ್ಯರಾಜನ ಅರಮನೆಯಲ್ಲಿ ಊಳಿಗಕ್ಕೆ ನಿಂತರಷ್ಟೆ. ಭೀಮನು ವಲಲನಾಗಿ ಅಡುಗೆಮನೆ ಹೊಕ್ಕನು. ಅರ್ಜುನನು ಬೃಹನ್ನಳೆಯಾಗಿ ನೃತ್ಯಗೀತಗಳನ್ನು ಕಲಿಸಿದನು. ನಕುಲನು ಕುದುರೆ ಲಾಯವನ್ನೂ ಸಹದೇವನು ಗೋಶಾಲೆಯನ್ನೂ ನೋಡಿಕೊಂಡರು. ದ್ರೌಪದಿ ಸೈರಂಧ್ರಿಯಾಗಿ ರಾಣಿಯ ಕೇಶಾಲಂಕಾರ ಮಾಡಿದಳು. ಧರ್ಮರಾಯನು ಕಂಕಭಟ್ಟನಾಗಿ ರಾಜನ ಎದುರು ಪಗಡೆಯ ಹಾಸಿನಲ್ಲಿ ಕುಳಿತನು. ಒಂದು ದೊಡ್ಡ ಹೋಟೆಲಿನ ಒಳಗೆ ಕಾಲಿಟ್ಟು ನೋಡಿರಿ: ಅಡುಗೆಮನೆ, ಮನರಂಜನೆ, ವಾಹನ, ಸಾಮಗ್ರಿಗಳ ಪೂರೈಕೆ, ಸೌಂದರ್ಯಸೇವೆ ಎಲ್ಲವೂ ಅಲ್ಲಿವೆ. ಕೆಲವೆಡೆ ಕಂಕಭಟ್ಟನ ಹಾಸೂ ಇದೆ. ಅದನ್ನು ಮುಂದೆ ವಿಚಾರಿಸೋಣ.

ಇವುಗಳಲ್ಲಿ ಮೇಲೇರುವ ಮೆಟ್ಟಿಲುಗಳು ಸ್ಪಷ್ಟವಾಗಿವೆ. ಅಡುಗೆಮನೆಗೆ ಸೇರಿದ ಹುಡುಗನು ‘ಕಾಮಿ’ ಎಂಬ ಸಹಾಯಕನಾಗಿ ಈರುಳ್ಳಿ ಹೆಚ್ಚುವುದರಿಂದ ತೊಡಗುತ್ತಾನೆ. ಆ ಹುದ್ದೆಯಲ್ಲೇ ಮೂರು ತರಗತಿಗಳಿವೆ. ಅವನ್ನು ದಾಟಿದ ಮೇಲೆ ಒಂದು ವಿಭಾಗದ ಹೊಣೆ, ಅನಂತರ ಸೂ ಶೆಫ್ ಎಂಬ ಉಪಮುಖ್ಯಸ್ಥನ ಸ್ಥಾನ, ಕೊನೆಗೆ ಎಕ್ಸಿಕ್ಯೂಟಿವ್ ಶೆಫ್ ಎಂಬ ಪಾಕಶಾಲಾಧಿಪತ್ಯ. ಹಾಸಿಗೆ ಹಾಸುವವನು ಮೇಲ್ವಿಚಾರಕನಾಗಿ, ಕೋಣೆಗಳೆಲ್ಲದರ ಯಜಮಾನಿಕೆಗೆ ಬರಬಲ್ಲನು. ಬಾಗಿಲ ಬಳಿಯ ಸ್ವಾಗತದ ಕಟ್ಟೆಯಲ್ಲಿ ನಿಂತವನು ಹೋಟೆಲಿನ ಜನರಲ್ ಮ್ಯಾನೇಜರನೇ ಆಗಬಹುದು. ಲೆಕ್ಕದಲ್ಲಿ ಚುರುಕಾದವರಿಗೆ ಬೇರೆಯೇ ದಾರಿಯುಂಟು. ಈ ರಾತ್ರಿ ಖಾಲಿ ಉಳಿದ ಕೋಣೆಯನ್ನು ನಾಳೆ ಮಾರಲು ಬಾರದು. ಸಂತೆಗೆ ತಂದ ಸೊಪ್ಪಿನಂತೆ ಅದು ಅಂದೇ ಬಾಡಿಹೋಗುವ ಸರಕು. ಯಾವ ದಿನ ಯಾವ ಬೆಲೆ ಇಡಬೇಕೆಂದು ಗುಣಿಸುವುದಕ್ಕೆಂದೇ ಅಲ್ಲಿ ಅಧಿಕಾರಿಗಳಿದ್ದಾರೆ.

ಮೆಟ್ಟಿಲೇರಿದವರ ನಿದರ್ಶನಗಳು ಬೇಕಾದಷ್ಟಿವೆ. ಉಡುಪಿ ಸೀಮೆಯ ಕಡಂದಲೆಯಲ್ಲಿ ಬಡಕುಟುಂಬದಲ್ಲಿ ಹುಟ್ಟಿದ ಕೆ. ಕೃಷ್ಣರಾಯರು ಅಡುಗೆಮನೆಯ ಕೆಲಸದಿಂದ ತೊಡಗಿ 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಮೋಹನಸಿಂಗ್ ಓಬೆರಾಯ್ ಅವರು 1922ರಲ್ಲಿ ಸಿಮ್ಲೆಯ ಸೆಸಿಲ್ ಹೋಟೆಲಿಗೆ ತಿಂಗಳಿಗೆ 50 ರೂಪಾಯಿ ಸಂಬಳದ ಗುಮಾಸ್ತರಾಗಿ ಸೇರಿದರು. 1934ರಲ್ಲಿ ಹೆಂಡತಿಯ ಒಡವೆಗಳನ್ನು ಒತ್ತೆಯಿಟ್ಟು ಅದೇ ಊರಿನ ಕ್ಲಾರ್ಕ್ಸ್ ಹೋಟೆಲನ್ನು ಕೊಂಡರು. ಇವರು ಓದಿದ ಶಾಲೆ ಅನುಭವವೊಂದೇ. ಇಂದಿನವರಿಗೆ ವಿದ್ಯಾಲಯಗಳಿವೆ. 1954ರಲ್ಲಿ ಮುಂಬಯಿಯಲ್ಲಿ ಇಂಥ ಮೊದಲ ಸಂಸ್ಥೆ ಆರಂಭವಾಯಿತು. ನಮ್ಮ ಬೆಂಗಳೂರಿನಲ್ಲಿಯೂ ಕೇಂದ್ರ ಸರಕಾರದ ಹೋಟೆಲ್ ಮ್ಯಾನೇಜ್‌ಮೆಂಟ್ ಸಂಸ್ಥೆಯಿದೆ. ಪಿ.ಯು.ಸಿ.ಯಲ್ಲಿ ಯಾವ ವಿಭಾಗ ಓದಿದ್ದರೂ ಸರಿ, ಇಂಗ್ಲಿಷ್ ಒಂದು ವಿಷಯವಾಗಿದ್ದರೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆದು ಮೂರು ವರ್ಷದ ಪದವಿಗೆ ಸೇರಬಹುದು. ಓದಿನ ನಡುವೆ ಹೋಟೆಲಿನಲ್ಲೇ ತಿಂಗಳುಗಟ್ಟಲೆ ದುಡಿಯಬೇಕಾಗುತ್ತದೆ.

ಕಷ್ಟಗಳನ್ನೂ ಮರೆಮಾಚಬಾರದು. ಲೋಕಕ್ಕೆ ಹಬ್ಬವಾದ ದಿನವೇ ಇವರಿಗೆ ಹೆಚ್ಚಿನ ದುಡಿಮೆ. ಹತ್ತು ಹನ್ನೆರಡು ಗಂಟೆ ನಿಂತೇ ಇರಬೇಕು. ಮೊದಲ ವರ್ಷಗಳ ಸಂಬಳ ಅಲ್ಪ. ಹೆಣ್ಣುಮಕ್ಕಳನ್ನು ಕಳಿಸುವವರು ಸೈರಂಧ್ರಿಯ ಕಥೆಯನ್ನೂ ನೆನೆಯಬೇಕು. ಕೀಚಕನ ಉಪಟಳವನ್ನು ಆಕೆ ತುಂಬಿದ ಸಭೆಯಲ್ಲಿ ಹೇಳಿಕೊಂಡರೂ ರಾಜನು ನ್ಯಾಯ ಕೊಡಲಿಲ್ಲ. ಇಂದು 2013ರ ಕಾಯಿದೆಯಂತೆ ಹತ್ತು ಜನರಿಗೆ ಕಡಿಮೆಯಿಲ್ಲದ ಎಲ್ಲ ಉದ್ಯೋಗಸ್ಥಾನಗಳಲ್ಲಿಯೂ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು. ಕೆಲಸಕ್ಕೆ ಸೇರುವ ಹೆಣ್ಣುಮಗಳು ಆ ಸಮಿತಿಯಲ್ಲಿ ಯಾರಿದ್ದಾರೆಂದು ಮೊದಲ ದಿನವೇ ಕೇಳಿ ತಿಳಿಯಲಿ. ಹಡಗಿನ ಕೆಲಸ, ಹೊರದೇಶದ ಕೆಲಸ ಕೊಡಿಸುವೆನೆಂದು ಮುಂಗಡ ಕೇಳುವ ದಲ್ಲಾಳಿಗಳಿಂದ ಗಂಡುಮಕ್ಕಳೂ ದೂರವಿರಲಿ. ನನಗೆ ಬಲ್ಲ ಮನೆಯೊಂದು ಅಂಥವನೊಬ್ಬನನ್ನು ನಂಬಿ ಎತ್ತಿನ ಜೋಡಿಯನ್ನೇ ಮಾರಿತು.

ಇನ್ನು ಕಂಕಭಟ್ಟನ ಹಾಸು. ಇಷ್ಟು ಬರೆಯುವುದಕ್ಕೆ ಪ್ರೇರಣೆಯಾದದ್ದು ಇದೇ.

ಗೋವೆಯು ನಮಗೆ ದೂರದ್ದಲ್ಲ. ಹುಬ್ಬಳ್ಳಿ, ಲೋಂಡಾಗಳ ಮಾರ್ಗವಾಗಿ ಒಂದು ರಾತ್ರಿಯ ಪಯಣ. ಅಲ್ಲಿಯ 1976ರ ಜೂಜು ಕಾಯಿದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳೊಳಗೆ ಜೂಜಿನ ಯಂತ್ರಗಳಿಗೂ, 1996ರಲ್ಲಿ ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಸರಕಾರ ಅನುಮತಿ ಕೊಟ್ಟಿತು. ಉತ್ತಮ ಹೋಟೆಲನ್ನೂ ಜೂಜನ್ನೂ ಅಲ್ಲಿ ಕಾಯಿದೆಯೇ ಒಂದೇ ಸೂರಿನ ಕೆಳಗೆ ತಂದಿತು. ಪಣಜಿಯ ಮಾಂಡವಿ ನದಿಯಲ್ಲಿ ಲಂಗರು ಹಾಕಿ ನಿಂತ ಆ ಹಡಗುಗಳಲ್ಲಿ ನಮ್ಮ ಕಡೆಯ ಹುಡುಗರೂ ಕೆಲಸಕ್ಕಿದ್ದಾರೆ.

ಹರಿಹರದ ನನ್ನ ಶಿಷ್ಯನೊಬ್ಬನಿದ್ದ. ತಂದೆ ಲೇತ್ ಯಂತ್ರದ ಕೆಲಸಗಾರ. ಹುಡುಗ ಲೆಕ್ಕದಲ್ಲಿ ಬಲು ಚುರುಕು; ಷಟ್ಪದಿಯ ಪಾದವನ್ನು ಓದಿ ಮುಗಿಸುವಷ್ಟರಲ್ಲಿ ಮಾತ್ರೆಗಳನ್ನು ಎಣಿಸಿ ಹೇಳುತ್ತಿದ್ದ. ಹೋಟೆಲ್ ವಿದ್ಯೆ ಕಲಿತು ಗೋವೆಯ ಹೋಟೆಲೊಂದರಲ್ಲಿ ಎರಡು ವರ್ಷ ಕೋಣೆಗಳನ್ನು ನೋಡಿಕೊಂಡಿದ್ದವನಿಗೆ ಹಡಗಿನಿಂದ ಕರೆ ಬಂತು. ಆಟದ ಮೇಜಿನಲ್ಲಿ ಎಲೆ ಹಂಚುವ, ಚಕ್ರ ತಿರುಗಿಸುವ ಡೀಲರನ ಕೆಲಸ. ತರಬೇತಿ ಅವರೇ ಕೊಡುತ್ತಾರೆ. ಸಂಬಳ ಹೋಟೆಲಿನದಕ್ಕಿಂತ ಒಂದೂವರೆ ಪಟ್ಟು. ಮನೆಯಲ್ಲಿ ಅಕ್ಕನ ಮದುವೆಯ ಸಾಲವಿತ್ತು. ರಜೆಯಲ್ಲಿ ಬಂದವನು ಹರಿಹರೇಶ್ವರನ ಗುಡಿಯ ಕಟ್ಟೆಯ ಮೇಲೆ ನನ್ನೊಡನೆ ಕುಳಿತು ಕೇಳಿದ: “ಗುರುಗಳೇ, ಕಳ್ಳತನ ಅಲ್ಲ, ಮೋಸ ಅಲ್ಲ, ಸರಕಾರಾನೇ ಪರವಾನಗಿ ಕೊಟ್ಟೈತಿ. ಇದು ಕಾಯಕ ಹೌದೋ ಅಲ್ಲವೋ ನೀವು ಹೇಳ್ರಿ.”

ಕೂಡಲೇ ಅಲ್ಲವೆಂದು ಬಿಡಬಹುದಿತ್ತು. ಆದರೆ ಕೇಳಿದವನು ಬುದ್ಧಿವಂತ. ಅವನ ಮನೆಯ ಸಾಲ ನನ್ನದಲ್ಲ. ಆದ್ದರಿಂದ ಮೊದಲು ಆಟದ ಲೆಕ್ಕವನ್ನು ವಿವರಿಸು ಎಂದೆ. ಅವನು ಮಣ್ಣಿನ ಮೇಲೆ ಕಡ್ಡಿಯಿಂದ ಗೀರಿ ಹೇಳಿದ್ದು ಇಷ್ಟು: ರೂಲೆಟ್ ಎಂಬ ಚಕ್ರದಲ್ಲಿ ಸೊನ್ನೆಯಿಂದ ಮೂವತ್ತಾರರವರೆಗೆ 37 ಮನೆಗಳು. ಗೆದ್ದ ಮನೆಯ ಮೇಲೆ ಒಂದು ರೂಪಾಯಿ ಇಟ್ಟವನಿಗೆ 35 ರೂಪಾಯಿ ಗೆಲವು, ಜೊತೆಗೆ ತಾನಿಟ್ಟ ಒಂದು ರೂಪಾಯಿ. ಒಬ್ಬನು ಎಲ್ಲ ಮನೆಗಳ ಮೇಲೂ ಒಂದೊಂದು ರೂಪಾಯಿ ಇಟ್ಟನೆನ್ನಿ. 37 ಕೊಟ್ಟು 36 ಪಡೆಯುತ್ತಾನೆ. ಉಳಿದ ಒಂದು ರೂಪಾಯಿ ಮನೆಯೊಡೆಯನಿಗೆ. ನೂರಕ್ಕೆ ಸುಮಾರು ಎರಡು ರೂಪಾಯಿ ಎಪ್ಪತ್ತು ಪೈಸೆ ಎಂದಾಯಿತು. ಇದರಲ್ಲಿ ಮೋಸವಿಲ್ಲ, ಎಲ್ಲವೂ ಕಣ್ಣೆದುರಿಗೇ ಇದೆ. ಆದರೆ ಈ ಕಡಿತವು ಆಟಗಾರನು ತಂದ ಹಣಕ್ಕಲ್ಲ, ಪ್ರತಿ ಸುತ್ತಿನಲ್ಲಿ ಹೂಡಿದ ಹಣಕ್ಕೆ. ಅವನು ಹೆಚ್ಚು ಹೊತ್ತು ಕುಳಿತಷ್ಟೂ ಅದೇ ಹಣ ಮತ್ತೆ ಮತ್ತೆ ಚಕ್ರದ ಕೆಳಗೆ ಹಾದು ಸವೆಯುತ್ತದೆ.

ಜೂಜಿನ ಕಟ್ಟೆಯಿಂದ ಪಾಲು ಪಡೆಯುವುದು ಹೊಸದಲ್ಲ. ‘ಜೂಜು’ ಎಂಬುದೇ ‘ದ್ಯೂತ’ದ ತದ್ಭವ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಜೂಜು ಒಂದೇ ಸ್ಥಳದಲ್ಲಿ ಅವನ ಕಣ್ಣೆದುರು ನಡೆಯಬೇಕು. ಗೆದ್ದವನಿಂದ ನೂರಕ್ಕೆ ಐದರಂತೆ ಅವನು ತೆಗೆದುಕೊಳ್ಳಬೇಕು. ಇಂದಿನ ಸರಕಾರವೂ 2023ರ ಅಕ್ಟೋಬರಿನಿಂದ ಕ್ಯಾಸಿನೊಗಳಿಗೆ ನೂರಕ್ಕೆ 28, 2025ರ ಸೆಪ್ಟೆಂಬರಿನಿಂದ ನೂರಕ್ಕೆ 40 ತೆರಿಗೆ ವಿಧಿಸಿದೆ. ಆದರೆ ಅರಸನು ತೆರಿಗೆ ತೆಗೆದುಕೊಂಡ ಮಾತ್ರಕ್ಕೆ ಕೆಲಸವು ಶುದ್ಧವಾಯಿತೆನ್ನಲಾಗದು.

ಶಿಷ್ಯನಿಗೆ ನಾನು ಹೇಳಿದ್ದು ಹೀಗೆ: “ತಮ್ಮಾ, ಹೋಟೆಲಿನಲ್ಲಿ ಅತಿಥಿ ಹಣ ಕೊಡುತ್ತಾನೆ, ನಿದ್ದೆ, ಊಟ, ಆರಾಮ ಪಡೆದು ಹೋಗುತ್ತಾನೆ. ಅವನಿಗೂ ಲಾಭ, ನಿನಗೂ ಲಾಭ. ಅವನು ಮತ್ತೆ ಬರಲಿ ಎಂದು ನೀನು ಹಾರೈಸಿದರೆ ಅದು ಅವನಿಗೂ ಹಿತವಾದ ಹಾರೈಕೆ. ಮೇಜಿನ ಹತ್ತಿರ ಹಾಗಲ್ಲ. ಅವನು ಸೋತದ್ದೇ ಅಲ್ಲಿಯ ವರಮಾನ. ಅಲ್ಲಿಯೂ ಊಟವಿದೆ, ಪಾನೀಯವಿದೆ, ಹಾಡು ಕುಣಿತವಿದೆ. ಆದರೆ ಅವೆಲ್ಲ ಇರುವುದು ಅವನು ಏಳದಿರಲಿ ಎಂದು. ಆತಿಥ್ಯ ಅಲ್ಲಿ ಬಲೆಯ ಕೆಳಗಿನ ಕಾಳು.”

ಅವನು ಸುಮ್ಮನಾಗಲಿಲ್ಲ. “ಹಂಗಾದ್ರೆ ಹಡಗಿನಾಗೆ ಅಡುಗೆ ಮಾಡೋನು, ಕಸ ಗುಡಿಸೋಳು, ಅವರ ಸಂಬಳಾನೂ ಅದೇ ದುಡ್ಡಿಂದಲೇ ಬರೋದು. ಅವರದ್ದೂ ಕಾಯಕ ಅಲ್ಲ ಅಂತೀರಾ?” ಎಂದ. ಪ್ರಶ್ನೆ ಚುಚ್ಚಿತು. ಕಸ ಗುಡಿಸುವವಳನ್ನು ತೂಗುವ ತಕ್ಕಡಿ ನನ್ನ ಕೈಯಲ್ಲಿಲ್ಲ. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವನ್ನು ನೆನಪಿಸಿದೆ. ಗಂಡ ಮಾರಯ್ಯನು ಅಂದಿನ ಅಗತ್ಯಕ್ಕೆ ಮೀರಿದ ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿ ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಅಕ್ಕಿ ಕದ್ದದ್ದಲ್ಲ, ಆದರೂ ಅದು ತಮಗೆ ಸಲ್ಲತಕ್ಕದ್ದೇ ಎಂದು ಕೇಳುವ ಹಕ್ಕನ್ನು ಅವಳು ಬಿಡಲಿಲ್ಲ. “ಆ ಪ್ರಶ್ನೆಯನ್ನು ನಿನ್ನ ಪರವಾಗಿ ನಾನು ಕೇಳಲಾರೆ, ನೀನೇ ಕೇಳಿಕೋ” ಎಂದು ಹೇಳಿ, ಅವನು ಬೇಡಿದ ನಡತೆಯ ಪತ್ರವನ್ನು ಬರೆದುಕೊಟ್ಟೆ. ಅವನ ನಡತೆ ಒಳ್ಳೆಯದೇ ಆಗಿತ್ತು.

ಅವನು ಹಡಗಿಗೆ ಹೋದ. ಅಲ್ಲಿಯ ಶಿಸ್ತನ್ನು ಅವನು ಬಣ್ಣಿಸಿದಾಗ ನಾನು ಬೆರಗಾದೆ. ಮೇಜು ಬಿಟ್ಟು ಏಳುವಾಗ ಡೀಲರನು ಎರಡೂ ಕೈಗಳನ್ನು ತಟ್ಟಿ, ಅಂಗೈ ಮುಂಗೈಗಳನ್ನು ತಿರುಗಿಸಿ, ಏನನ್ನೂ ಅಡಗಿಸಿಲ್ಲವೆಂದು ಮೇಲಿನ ಕ್ಯಾಮರಾಕ್ಕೆ ತೋರಿಸಬೇಕಂತೆ. ಹನ್ನೊಂದು ತಿಂಗಳು ಹಾಗೆ ಕೈ ತೋರಿಸುತ್ತ ದುಡಿದ. ಸಾಲ ತೀರಿತು, ಅದು ಹಡಗಿನ ಸಂಬಳದಿಂದಲೇ ತೀರಿತೆಂಬುದನ್ನು ನಾನು ಮುಚ್ಚಿಡಲಾರೆ.

ಒಂದು ರಾತ್ರಿ ಅವನ ಮೇಜಿಗೆ ನಮ್ಮ ಸೀಮೆಯ ರೈತನೊಬ್ಬ ಬಂದನಂತೆ. ಹುಡುಗನ ಕನ್ನಡ ಕೇಳಿ, “ನಮ್ಮೂರ ಕಡೆ ಹುಡುಗ, ಕೈಗುಣ ಚಲೋ ಇರ್ತದೆ” ಎಂದು ಬೇರೆ ಮೇಜಿನಿಂದೆದ್ದು ಅಲ್ಲಿಯೇ ಕುಳಿತ. ಮೆಕ್ಕೆಜೋಳ ಮಾರಿ ಬಂದ ಹಣ. ಬಿಲ್ಲೆಗಳು ಕರಗುತ್ತ ಹೋದವು. ಎದ್ದು ಹೋಗಿರಿ ಎಂದು ಹೇಳುವ ಅಧಿಕಾರ ಡೀಲರನಿಗಿಲ್ಲ. ಮುಖದಲ್ಲಿ ಭಾವ ತೋರಿಸುವಂತಿಲ್ಲ. “ಗುರುಗಳೇ, ಹೋಟೆಲಿಗೆ ನಮ್ಮೂರೋರು ಬಂದಿದ್ರೆ ಇನ್ನೊಂದು ದಿಂಬು ತಂದು ಕೊಡ್ತಿದ್ದೆ. ಅಲ್ಲಿ ಅವರ ಬಿಲ್ಲೆ ನನ್ನ ಕೈಯಿಂದಲೇ ಗೋರಿ ಒಳಗೆ ಹಾಕಿದೆ. ಆಮೇಲೆ ಕೈ ತಟ್ಟಿ ತೋರಿಸಿದೆ, ಏನೂ ಇಲ್ಲ ಅಂತ” ಎಂದ. ಮುಂದಿನ ತಿಂಗಳೇ ಕೆಲಸ ಬಿಟ್ಟ. ಈಗ ಬೆಂಗಳೂರಿನ ಹೋಟೆಲೊಂದರಲ್ಲಿ ರಾತ್ರಿಪಾಳಿಯ ಸ್ವಾಗತಕಾರ. ಸಂಬಳ ಹಡಗಿನಷ್ಟಿಲ್ಲ; ಮೇಲಿನ ಮೆಟ್ಟಿಲು ಕಾಣುತ್ತಿದೆ ಎನ್ನುತ್ತಾನೆ.

ಇದನ್ನು ಕೇಳಿದ ಮೇಲೆ ವಿರಾಟಪರ್ವದ ಒಂದು ಸನ್ನಿವೇಶ ನನಗೆ ಹೊಸದಾಗಿ ಅರ್ಥವಾಯಿತು. ಉತ್ತರಕುಮಾರನು ಗೆದ್ದನೆಂಬ ಸುದ್ದಿ ಕೇಳಿ ಹಿಗ್ಗಿದ ವಿರಾಟನು ಪಗಡೆಗೆ ಕರೆದಾಗ, ಜೂಜಿನ ಊಳಿಗಕ್ಕೆಂದೇ ಇದ್ದ ಕಂಕಭಟ್ಟನು ‘ಬೇಡ’ವೆನ್ನುತ್ತಾನೆ, ದ್ಯೂತದಲ್ಲಿ ರಾಜ್ಯವನ್ನೇ ಕಳೆದುಕೊಂಡ ಯುಧಿಷ್ಠಿರನ ಕಥೆಯನ್ನು ನೆನಪಿಸುತ್ತಾನೆ. ಹೇಳುವವನೇ ಯುಧಿಷ್ಠಿರನೆಂದು ರಾಜನಿಗೆ ತಿಳಿಯದು. ಅನಂತರ ಬೃಹನ್ನಳೆಯನ್ನು ಹೊಗಳಿದ ತಪ್ಪಿಗೆ ರಾಜನು ಅದೇ ದಾಳದಿಂದ ಅವನ ಮುಖಕ್ಕೆ ಹೊಡೆಯುತ್ತಾನೆ, ರಕ್ತ ಸುರಿಯುತ್ತದೆ. ಭೀಮನ ಸೌಟಾಗಲಿ ನಕುಲನ ಲಗಾಮಾಗಲಿ ಅವರ ಮೇಲೆಯೇ ತಿರುಗಿ ಬೀಳಲಿಲ್ಲ. ಆಟಗಾರರನ್ನು ತಡೆಯುವ ಬಾಯಿ ಕಂಕಭಟ್ಟನಿಗಾದರೂ ಇತ್ತು. ಇಂದಿನ ಡೀಲರನಿಗೆ ಅದೂ ಇಲ್ಲ.

ಜೂಜಿನಿಂದ ವರಮಾನ ಪಡೆಯುವ ರಾಜ್ಯಗಳಿಗೂ ಈ ಮರ್ಮ ತಿಳಿದಿದೆ. 1863ರಿಂದ ಮಾಂಟೆ ಕಾರ್ಲೊದ ಕ್ಯಾಸಿನೊಗೆ ಹೆಸರಾದ ಮೊನಾಕೊ ತನ್ನ ಪ್ರಜೆಗಳು ಅಲ್ಲಿ ಆಡಬಾರದೆಂದು ವಿಧಿಸಿದೆ. ಸಿಂಗಪುರದಲ್ಲಿ 2010ರಿಂದ ಕ್ಯಾಸಿನೊಗಳಿವೆ. ಸ್ವದೇಶದವರು ಒಳಹೊಗಲು ಪ್ರತ್ಯೇಕ ಶುಲ್ಕ ತೆರಬೇಕು. ಗೋವೆಯೂ 2020ರ ಫೆಬ್ರವರಿ 1ರಿಂದ ತನ್ನ ಜನರಿಗೆ ಜೂಜಿನ ಕೋಣೆಯ ಬಾಗಿಲು ಮುಚ್ಚಿತು. ತನ್ನ ಮಕ್ಕಳಿಗೆ ಬಡಿಸಲಾರದ್ದನ್ನು ಅತಿಥಿಗೆ ಬಡಿಸುವ ಅಡುಗೆಮನೆಯನ್ನು ನಮ್ಮ ಖಾನಾವಳಿಯ ಅವ್ವ ಒಪ್ಪುತ್ತಿರಲಿಲ್ಲ. ಜೂಜಿಗೆ ಈಗ ಹಡಗೂ ಬೇಕಿರಲಿಲ್ಲ. ಅಂಗೈಯ ಫೋನಿನಲ್ಲೇ ಅದು ಮನೆಮನೆ ಹೊಕ್ಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣ ಹೂಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಬೇಕಾಗಿ ಬಂದದ್ದು ಆ ಕಾರಣಕ್ಕೇ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರು ಯಾವ ಊರಿನ ಯಾವ ದೊಡ್ಡ ಹೋಟೆಲಿನ ಮೆಟ್ಟಿಲನ್ನೇರುವಿರೋ ಬಲ್ಲವರಾರು? ಕೋಣೆ ಗುಡಿಸುವುದರಿಂದ ಪ್ರಾರಂಭಿಸಬೇಕಾದರೆ ನಾಚಬೇಡಿರಿ. ಇಂಗ್ಲಿಷನ್ನು ಚೆನ್ನಾಗಿ ಕಲಿಯಿರಿ, ಕನ್ನಡವನ್ನು ಮರೆಯಬೇಡಿರಿ. ಪರಊರಿನಲ್ಲಿ ದಣಿದು ಬಂದವನಿಗೆ ತನ್ನ ನುಡಿ ಕಿವಿಗೆ ಬಿದ್ದರೆ ಅರ್ಧ ಆಯಾಸ ಕಳೆಯುತ್ತದೆ. ಲೆಕ್ಕ ಕಲಿಯಿರಿ, ಆರೋಗ್ಯ ಕಾಪಾಡಿಕೊಳ್ಳಿರಿ. ಹೆಚ್ಚು ಸಂಬಳದ ಕರೆ ಬಂದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿರಿ: ನನ್ನ ಊರಿನವನು, ನನ್ನ ಅಣ್ಣನಂಥವನು, ಅತಿಥಿಯಾಗಿ ಈ ಬಾಗಿಲಿಗೆ ಬಂದರೆ ಮನಃಪೂರ್ವಕವಾಗಿ ‘ಬನ್ನಿ, ಕುಳಿತುಕೊಳ್ಳಿ’ ಎನ್ನಬಲ್ಲೆನೇ? ಹೌದೆನ್ನುವುದಾದರೆ ಅಲ್ಲಿ ನಿಲ್ಲಿರಿ, ದುಡಿಯಿರಿ, ಮೇಲೇರಿರಿ. ನೀವು ಬಡಿಸಿದ ಅನ್ನ ಉಂಡವರಿಗೂ ನಿಮಗೂ ಹಿತವಾಗಲಿ.